ಆಟಕ್ಕೆ ಕುಲವುಂಟೇ?

ಒಂದು ಆಟಕ್ಕೆ ಸಲ್ಲುವ ಗೌರವ ಆಟದೊಳಗೇ ನೆಲೆಸಿರುವ ಗುಣವೋ, ನೋಡುವವರ ಕಣ್ಣು ಅದಕ್ಕೆ ಹಚ್ಚುವ ಬಣ್ಣವೋ ಎಂಬುದು ಮೇಲ್ನೋಟಕ್ಕೆ ಕ್ರೀಡಾಂಗಣದ ಪ್ರಶ್ನೆಯಂತೆ ತೋರಿದರೂ ಬುಡದಲ್ಲಿ ಅದು ತತ್ತ್ವದ ಪ್ರಶ್ನೆಯೇ ಆಗಿದೆ. ಯಾವುದೇ ವಸ್ತುವಿನ ಬೆಲೆ ಅದರ ಹುಟ್ಟಿನಲ್ಲಿದೆಯೇ, ಅದು ಕೊಡುವ ಫಲದಲ್ಲಿದೆಯೇ, ಅದನ್ನು ಮೆಚ್ಚುವವರ ತಲೆಯೆಣಿಕೆಯಲ್ಲಿದೆಯೇ ಅಥವಾ ಇವೆಲ್ಲವನ್ನೂ ದಾಟಿದ ಬೇರೊಂದು ನೆಲೆಯಲ್ಲಿದೆಯೇ ಎಂದು ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಸೀಮೆಯ ದಾಸರೂ ತತ್ತ್ವಪದಕಾರರೂ ಮನುಷ್ಯರ ವಿಷಯದಲ್ಲಿ ಬಹು ಹಿಂದೆಯೇ ಕೇಳಿದ್ದರು. ಅದೇ ಪ್ರಶ್ನೆಯನ್ನು ಆಟದ ವಿಷಯದಲ್ಲಿ ಕೇಳಿದರೆ, ಜಗತ್ತಿನ ಬಹುಪಾಲು ಜನ ಪ್ರೀತಿಸುವ ಫುಟ್‌ಬಾಲ್ ಅಮೆರಿಕದಲ್ಲಿ ಏಕೆ ಅಷ್ಟು ಕಾಲ ತಾತ್ಸಾರಕ್ಕೆ ಗುರಿಯಾಯಿತು, ಕರ್ನಾಟಕದಲ್ಲಿ ಕ್ರಿಕೆಟ್ಟಿನ ನೆರಳಿನಲ್ಲಿ ಅದು ಏಕೆ ಮರೆವಿಗೆ ಸಂದಿತು ಎಂಬುದಕ್ಕೆ ಒಂದು ಉತ್ತರ ದೊರೆಯುತ್ತದೆ. ಆ ಉತ್ತರ ಆಟಕ್ಕಿಂತಲೂ ಹೆಚ್ಚಾಗಿ ನೋಡುಗನ ಕುರಿತಾದದ್ದು.

ಅಮೆರಿಕದಲ್ಲಿ ಫುಟ್‌ಬಾಲ್ ಎಂಬ ಹೆಸರು ಚೆಂಡನ್ನು ಬಹುಪಾಲು ಕೈಯಲ್ಲಿ ಹಿಡಿದು ಓಡುವ ಬೇರೊಂದು ಆಟಕ್ಕೆ ಸಂದುಹೋಗಿರುವುದರಿಂದ, ಕಾಲಿನಿಂದ ಆಡುವ ಆಟವನ್ನು ಅಲ್ಲಿ ಸಾಕರ್ ಎಂದು ಕರೆಯುತ್ತಾರೆ. ಅಸೋಸಿಯೇಷನ್ ಎಂಬ ಮಾತನ್ನು ಮೊಟಕುಗೊಳಿಸಿ ಇಂಗ್ಲೆಂಡಿನ ವಿದ್ಯಾರ್ಥಿಗಳೇ ಹುಟ್ಟಿಸಿದ ಹೆಸರಿದು. ಕಾರ್ಖಾನೆಯ ಊರುಗಳಿಗೆ ದುಡಿಯಲು ಬಂದ ವಲಸಿಗರು ಆಡುತ್ತಿದ್ದ ಈ ಆಟ ಅಲ್ಲಿ ಸೋಲನ್ನಷ್ಟೇ ಕಂಡಿತೆಂದು ಹೇಳುವಂತಿಲ್ಲ. 1930ರ ಮೊದಲ ವಿಶ್ವಕಪ್ಪಿನಲ್ಲಿ ಅಮೆರಿಕದ ತಂಡ ಸೆಮಿಫೈನಲ್ ತಲುಪಿತು. 1950ರಲ್ಲಿ ಬ್ರೆಜಿಲ್ಲಿನ ಬೆಲೊ ಹೊರಿಜಾಂಟೆಯಲ್ಲಿ, ಹೈಟಿ ಮೂಲದ ಜೋ ಗೇಟ್ಜೆನ್ಸ್ ಹೊಡೆದ ಒಂದೇ ಗೋಲಿನಿಂದ ಇಂಗ್ಲೆಂಡನ್ನು ಸೋಲಿಸಿತು. ಆದರೂ ಇದು ಹೊರಗಿನವರ ಆಟ, ಇಲ್ಲಿ ಗೋಲುಗಳೇ ಬೀಳುವುದಿಲ್ಲ, ಯಾರೂ ಗೆಲ್ಲದೆ ಪಂದ್ಯ ಮುಗಿದುಹೋಗುತ್ತದೆ ಎಂಬ ಮೂರು ಆಕ್ಷೇಪಗಳು ತಲೆಮಾರುಗಳವರೆಗೆ ಅಲ್ಲಿನ ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಪ್ರಿಯರ ಬಾಯಲ್ಲಿ ಉಳಿದುಕೊಂಡವು. ಪೆಲೆಯಂಥ ಆಟಗಾರ 1975ರಿಂದ 1977ರವರೆಗೆ ನ್ಯೂಯಾರ್ಕಿನ ಕಾಸ್ಮಾಸ್ ತಂಡಕ್ಕೆ ಆಡಿ ಜನಸಾಗರವನ್ನೇ ಸೇರಿಸಿದರೂ, ಆ ತಂಡವಿದ್ದ ಲೀಗು 1984ರ ಋತುವಿನ ಬಳಿಕ ಮುಚ್ಚಿಹೋಯಿತು.

ಕರ್ನಾಟಕದ ಕತೆ ಇದಕ್ಕಿಂತ ಭಿನ್ನವಾಗಿದ್ದರೂ ಅದರ ತಿರುಳು ಇದೇ. ಮುಂಬಯಿಯಲ್ಲಿ 1891ರಿಂದ ನಡೆಯುತ್ತ ಬಂದು, ಬಹುಕಾಲ ಬ್ರಿಟಿಷ್ ಸೈನ್ಯದ ತಂಡಗಳ ಸೊತ್ತಾಗಿದ್ದ ರೋವರ್ಸ್ ಕಪ್ಪನ್ನು 1937ರಲ್ಲೂ 1938ರಲ್ಲೂ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಭಾರತದ ರಾಜ್ಯಗಳ ನಡುವಣ ರಾಷ್ಟ್ರೀಯ ಫುಟ್‌ಬಾಲ್ ಸ್ಪರ್ಧೆಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ನಾಲ್ಕು ಬಾರಿ ಗೆದ್ದುಕೊಂಡಿತು. ಕ್ರಿಕೆಟ್ಟಿನಲ್ಲಿ ಅದಕ್ಕೆ ಸರಿಸಮವಾದ ರಣಜಿ ಟ್ರೋಫಿ ಈ ನಾಡಿಗೆ ಮೊದಲ ಬಾರಿ ದಕ್ಕಿದ್ದು 1973–74ರಲ್ಲಿ. ಅಂದರೆ ಕ್ರಿಕೆಟ್ಟಿನ ಮೊದಲ ಕಿರೀಟ ಬರುವ ಹೊತ್ತಿಗೆ ಫುಟ್‌ಬಾಲಿನ ನಾಲ್ಕು ಕಿರೀಟಗಳು ಆಗಲೇ ಬಂದಿದ್ದವು. ಇಂದು ಆ ರಣಜಿ ಗೆಲುವನ್ನು ನೆನೆಯುವವರು ಊರೂರಿನಲ್ಲಿ ಸಿಗುತ್ತಾರೆ, ಸಂತೋಷ್ ಟ್ರೋಫಿಯ ನಾಲ್ಕು ಗೆಲುವುಗಳನ್ನು ಬಲ್ಲವರನ್ನು ಹುಡುಕಬೇಕಾಗುತ್ತದೆ. 54 ವರ್ಷಗಳ ತರುವಾಯ, 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಆ ಟ್ರೋಫಿಯನ್ನು ತಂದಾಗಲೂ ಹಳ್ಳಿಯ ಕಟ್ಟೆಗಳ ಮೇಲೆ ಅದು ಮಾತಾಗಲಿಲ್ಲ. ಹೀಗಿರುವಾಗ, ಗೆದ್ದರೆ ಗೌರವ ತಾನಾಗಿ ಬರುತ್ತದೆಂಬ ನಂಬಿಕೆಗೆ ಆಧಾರವೇನೆಂದು ವಿಚಾರಿಸಲೇಬೇಕಾಗುತ್ತದೆ.

ತಾತ್ಸಾರದ ಮೊದಲ ಆಧಾರ ಹುಟ್ಟು. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಕುಲದ ನೆಲೆಯನ್ನೇ ಪ್ರಶ್ನಿಸಿದರು. ಅದೇ ತಾಲ್ಲೂಕಿನ ಶಿಶುನಾಳದ ಷರೀಫರು (1819–1889) ಮುಸಲ್ಮಾನ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರಾಗಿ, ಹುಟ್ಟು ಬರೆದ ಗೆರೆಯನ್ನು ಬದುಕಿನಿಂದಲೇ ಅಳಿಸಿದರು. ಕುಲದ ನೋಟದ ದೋಷವೆಂದರೆ ಅದು ಎದುರಿಗಿರುವುದನ್ನು ನೋಡುವ ಮೊದಲೇ ತೀರ್ಪು ಕೊಟ್ಟು, ಆಮೇಲೆ ಆ ತೀರ್ಪಿಗೆ ಕಾರಣಗಳನ್ನು ಹುಡುಕುತ್ತದೆ. ಸಾಕರ್ ವಲಸಿಗರ ಆಟವೆಂದು ಅಮೆರಿಕದವರು ದೂರವಿಟ್ಟದ್ದು ಇಂಥ ನೋಟದಿಂದಲೇ. ಹುಟ್ಟೇ ಅಳತೆಗೋಲಾದರೆ ಅದು ಎಲ್ಲ ಕಡೆಗೂ ಒಂದೇ ಆಗಿ ಅನ್ವಯಿಸಬೇಕಿತ್ತು, ಆದರೆ ಹಾಗೆ ಅನ್ವಯಿಸುವುದನ್ನು ಯಾರೂ ಕಂಡಿಲ್ಲ: ಕ್ರಿಕೆಟ್ಟೂ ಫುಟ್‌ಬಾಲೂ ಒಂದೇ ಇಂಗ್ಲೆಂಡಿನಿಂದ, ಒಂದೇ ಸೈನ್ಯ ಮತ್ತು ಶಾಲೆಗಳ ಮೂಲಕ ಈ ನೆಲಕ್ಕೆ ಬಂದರೂ ಒಂದು ಮನೆಮಗನಾಯಿತು, ಇನ್ನೊಂದು ನೆಂಟನಾಗಿಯೇ ಉಳಿಯಿತು.

ಈ ನೆಲದ್ದೇ ಆದ ಆಟಗಳ ಪಾಡು ಹುಟ್ಟಿನ ವಾದವನ್ನು ಇನ್ನಷ್ಟು ಸಡಿಲಿಸುತ್ತದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ನಡೆಯುವ ಜಂಗೀ ನಿಕಾಲಿ ಕುಸ್ತಿ, ಅಂದರೆ ಒಬ್ಬ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿ ಸೋಲುಗೆಲುವು ಇತ್ಯರ್ಥವಾಗುವವರೆಗೆ ಬಿಡದೆ ಹಿಡಿಯುವ ಕುಸ್ತಿ, ಮತ್ತು ಹಾವೇರಿ ಸೀಮೆಯಲ್ಲಿ ದೀಪಾವಳಿಯ ಬಲಿಪಾಡ್ಯಮಿಯಿಂದ ಮೊದಲಾಗುವ ಹೋರಿ ಹಬ್ಬ, ಇವೆರಡೂ ಯಾವ ಪರದೇಶದಿಂದಲೂ ಬಂದವಲ್ಲ. ಹೋರಿ ಹಬ್ಬದಲ್ಲಿ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಸಿಂಗರಿಸಿದ ಹೋರಿಯನ್ನು ಜನಸಂದಣಿಯ ನಡುವೆ ಓಡಿಸುತ್ತಾರೆ, ಅಖಾಡದಲ್ಲಿ ನಿಂತ ಯುವಕರು ಆ ಕೊಬ್ಬರಿ ಹರಿಯಲು ಮೇಲೆ ಬೀಳುತ್ತಾರೆ, ಯಾರ ಕೈಗೂ ಸಿಗದೆ ದಾಟಿಹೋದ ಹೋರಿಯ ಹೆಸರು ಊರೂರಿಗೆ ಹಬ್ಬುತ್ತದೆ. ನೂರಾರು ಹಳ್ಳಿಗಳ ಮನಸ್ಸನ್ನು ಹಿಡಿದಿಟ್ಟಿರುವ ಈ ಆಟಗಳನ್ನು ಪಟ್ಟಣದ ನೋಟ ಹಳ್ಳಿಗಾಡಿನದೆಂದು ಬದಿಗೆ ಸರಿಸಿತು. ಹೊರಗಿನದೆಂಬ ಕಾರಣಕ್ಕೆ ಒಂದನ್ನೂ, ತೀರ ಒಳಗಿನದೆಂಬ ಕಾರಣಕ್ಕೆ ಮತ್ತೊಂದನ್ನೂ ಕೀಳೆಂದು ಕಾಣುವ ಮನಸ್ಸಿಗೆ ಹುಟ್ಟು ಒಂದು ನೆಪವಷ್ಟೇ ಹೊರತು ನಿಜವಾದ ಕಾರಣವಾಗಲಾರದು.

ಎರಡನೆಯ ಆಧಾರ ಫಲ. ತೊಂಬತ್ತು ನಿಮಿಷ ಓಡಾಡಿದರೂ ಕೆಲವೊಮ್ಮೆ ಒಂದು ಗೋಲೂ ಬೀಳದೆ, ಎರಡೂ ತಂಡಗಳು ಸಮನಾಗಿ ಉಳಿದು ಪಂದ್ಯ ಮುಗಿಯುವುದನ್ನು ಡ್ರಾ ಎನ್ನುತ್ತಾರೆ. ದುಡಿಮೆಗೆ ಕೂಲಿ ಕಣ್ಣೆದುರೇ ಸಿಗಬೇಕೆಂದು ಬಯಸುವ ನೋಡುಗನಿಗೆ ಇದು ಅನ್ಯಾಯವಾಗಿ ಕಾಣುತ್ತದೆ. ಫಲ ಕೈಯಲ್ಲಿಲ್ಲದ ಕೆಲಸವನ್ನೂ ಪೂರ್ಣ ಮನಸ್ಸಿನಿಂದ ಮಾಡಬೇಕೆಂಬ ನಿಷ್ಕಾಮ ಕರ್ಮದ ವಿಚಾರವನ್ನು ಭಗವದ್ಗೀತೆಯಿಂದ ಕೇಳುತ್ತ ಬಂದ ನಾಡಿಗಾದರೂ ಈ ಆಟದ ಸ್ವಭಾವ ಅಪರಿಚಿತವಾಗಬೇಕಿಲ್ಲ. ಫುಟ್‌ಬಾಲಿನಲ್ಲಿ ನೂರಾರು ಸಲ ಚೆಂಡು ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ, ಹತ್ತಾರು ಸಲ ಗೋಲಿನ ಬಾಯಿಗೆ ಬಂದು ಮರಳುತ್ತದೆ, ಅಷ್ಟೂ ಶ್ರಮ ಫಲಿಸುವುದು ಒಮ್ಮೆಯೋ ಎರಡು ಸಲವೋ. ಮಳೆಯನ್ನು ನಂಬಿ ಬಿತ್ತುವ ಸವಣೂರಿನ ಎರೆಭೂಮಿಯ ಒಕ್ಕಲಿಗನಿಗೆ ಶ್ರಮ ಹೆಚ್ಚು, ಫಲ ಕಡಿಮೆ ಎಂಬ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆ ಕೈಕೊಟ್ಟ ವರ್ಷ ಅವನ ಬೇಸಾಯವನ್ನು ಯಾರೂ ಬೇಸಾಯವೇ ಅಲ್ಲವೆನ್ನುವುದಿಲ್ಲ.

ಫಲವನ್ನು ಬಿಟ್ಟೂ ಗೌರವ ನಿಲ್ಲುತ್ತದೆಂಬುದಕ್ಕೆ ಹಾನಗಲ್ಲಿನ ನಾಡಿನಲ್ಲಿ ಕಲ್ಲಿನ ಸಾಕ್ಷಿಯೇ ಇದೆ. ಕದಂಬರ ಒಂದು ಶಾಖೆಯ ರಾಜಧಾನಿಯಾಗಿದ್ದ ಈ ಸೀಮೆಯಲ್ಲಿ, ಕನ್ನಡ ನಾಡಿನ ಬೇರೆಡೆಗಳಲ್ಲಿರುವಂತೆಯೇ, ವೀರಗಲ್ಲುಗಳನ್ನು ನಿಲ್ಲಿಸುವ ಪದ್ಧತಿ ಇತ್ತು. ತುರುಗೋಳಿನಲ್ಲಿ, ಎಂದರೆ ಶತ್ರುಗಳು ಊರಿನ ದನಗಳನ್ನು ಹಿಡಿದೊಯ್ಯುವ ದಾಳಿಯಲ್ಲಿ, ಅಡ್ಡನಿಂತು ಹೋರಾಡಿ ಮಡಿದವನಿಗಾಗಿ ಊರು ಈ ಕಲ್ಲನ್ನು ನಿಲ್ಲಿಸುತ್ತಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ನಿಕೆಯರು, ಮೇಲೆ ಶಿವಲಿಂಗದ ಸನ್ನಿಧಿ. ಆ ಕಲ್ಲು ನಿಂತದ್ದು ಬದುಕಿ ಗೆದ್ದು ಬಂದವನಿಗಾಗಿ ಅಲ್ಲ, ಬಿದ್ದವನಿಗಾಗಿ. ಕಾದಾಟದ ರೀತಿಯೇ ಅಲ್ಲಿ ಮಾನದ ಅಳತೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಬಹುತೇಕ ಆಟಗಾರರು ಬರಿಗಾಲಿನಲ್ಲಿ ಆಡಿ ಫ್ರಾನ್ಸಿಗೆ 1–2ರಿಂದ ಸೋತ ಪಂದ್ಯಕ್ಕೂ ಅಂಥ ಒಂದು ಕಲ್ಲು ಸಲ್ಲಬೇಕು. ಅಂದು ಭಾರತದ ಏಕೈಕ ಗೋಲನ್ನು ಹೊಡೆದ ಎಸ್. ರಾಮನ್ ಬೆಂಗಳೂರಿನವರು, ಬರಿಗಾಲಿನ ಚಾತುರ್ಯಕ್ಕೆ ಹೆಸರಾಗಿ, ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದಲ್ಲಿ ಮೆರೆದ ಅಹ್ಮದ್ ಖಾನ್ ಕೂಡ ಅದೇ ಊರಿನವರು. ಇವರ ಹೆಸರುಗಳು ಕನ್ನಡದ ಶಾಲಾಮಕ್ಕಳ ಕಿವಿಗೆ ಬೀಳದಿರುವುದು ಆಟದ ಸೋಲಾಗದೆ ನಾಡಿನ ನೆನಪಿನ ಸೋಲೇ ಆಗಿದೆ.

ಮೂರನೆಯ ಆಧಾರ ಸಂಖ್ಯೆ. ಬಹಳ ಜನ ನೋಡುವುದೇ ಶ್ರೇಷ್ಠವೆಂಬ ಈ ಅಳತೆ ಇಂದು ಎಲ್ಲಕ್ಕಿಂತ ಬಲವಾಗಿದೆ. ಅಮೆರಿಕದಲ್ಲಿ 1994ರ ವಿಶ್ವಕಪ್ ನಡೆದಾಗ 35 ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಮೈದಾನಗಳಿಗೆ ಬಂದರು, 1999ರ ಮಹಿಳಾ ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೆ 90 ಸಾವಿರಕ್ಕೂ ಹೆಚ್ಚು ಜನ ಸೇರಿದರು, ಆದರೂ ಅಲ್ಲಿನ ತಾತ್ಸಾರ ಒಂದೇ ಏಟಿಗೆ ಕರಗಲಿಲ್ಲ. ಇತ್ತ 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಗಿ ದೂರದರ್ಶನದ ಬೆಳಕು ಬಿದ್ದೊಡನೆ, ಅದುವರೆಗೆ ಶಾಲೆಯ ಅಂಗಳದ ಆಟವೆನಿಸಿದ್ದ ಕಬಡ್ಡಿಗೆ ಮನ್ನಣೆ ಬಂತು. ಉಸಿರು ಬಿಗಿಹಿಡಿದು ಎದುರಾಳಿಗಳ ಅಂಕಣಕ್ಕೆ ನುಗ್ಗುವ ಆ ಆಟದ ಮೂಲಗುಣ ಮಾತ್ರ ಮೊದಲಿನಿಂದಲೂ ಅದೇ ಇತ್ತು. ಗುಣ ಬದಲಾಗದೆ ಗೌರವ ಬದಲಾಗುವುದಾದರೆ, ಬದಲಾದದ್ದು ನೋಟವೇ ಎಂದಾಯಿತು. ಹಾಗೆಂದು ಸಂಖ್ಯೆಗೆ ಅರ್ಥವೇ ಇಲ್ಲವೆನ್ನಲಾಗದು. 2018ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಭಾರತ ತಂಡ 5–0ರಿಂದ ಗೆದ್ದ ಪಂದ್ಯಕ್ಕೆ ಸುಮಾರು ಎರಡೂವರೆ ಸಾವಿರ ಜನರಷ್ಟೇ ಬಂದಿದ್ದಾಗ, ಬೆಂಗಳೂರು ಎಫ್‌ಸಿಯ ನಾಯಕರೂ ಆಗಿದ್ದ ಸುನಿಲ್ ಛೆಟ್ರಿ, ಟೀಕಿಸುವುದಿದ್ದರೂ ಮೈದಾನಕ್ಕೆ ಬಂದು ಟೀಕಿಸಬೇಕೆಂದು ದೇಶದ ಜನರಲ್ಲಿ ಬೇಡಿಕೊಂಡರು. ಮುಂದಿನ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. ಆ ಮನವಿಯಲ್ಲಿ ಮೆಚ್ಚುಗೆಯ ಬೇಡಿಕೆಗಿಂತ ನೋಟದ ಬೇಡಿಕೆ ದೊಡ್ಡದಾಗಿತ್ತು ಎಂಬುದನ್ನು ಗಮನಿಸಬೇಕು. ಗೌರವಿಸುವುದೂ ಅಗೌರವಿಸುವುದೂ ನೋಡಿದ ಮೇಲಿನ ಮಾತು. ನೋಡದೆ ಇರುವುದು ತೀರ್ಪೇ ಅಲ್ಲ.

ಗೌರವಕ್ಕಾಗಿ ಹಂಬಲಿಸುವವನಿಗೆ ಎದುರಾಗುವ ಇನ್ನೊಂದು ಅಪಾಯವೆಂದರೆ ಸ್ವಧರ್ಮವನ್ನು, ಅಂದರೆ ತನ್ನ ಸ್ವಭಾವಕ್ಕೆ ಸಹಜವಾದ ನಡೆಯನ್ನು, ಬಿಟ್ಟುಕೊಡುವುದು. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ಮೇಜರ್ ಲೀಗ್ ಸಾಕರ್ ಎಂಬ ವೃತ್ತಿಪರ ಸ್ಪರ್ಧೆ, ಡ್ರಾವನ್ನು ಸಹಿಸದ ಅಲ್ಲಿನ ನೋಡುಗರನ್ನು ಒಲಿಸಿಕೊಳ್ಳಲು, ಸಮನಾದ ಪ್ರತಿಯೊಂದು ಪಂದ್ಯದ ಕೊನೆಯಲ್ಲೂ ಆಟಗಾರನೊಬ್ಬ ದೂರದಿಂದ ಚೆಂಡನ್ನು ತಂದು ಗೋಲುಗಾರನನ್ನು ಒಂಟಿಯಾಗಿ ಎದುರಿಸುವ ವಿಧಾನವನ್ನು ಜಾರಿಗೆ ತಂದಿತು. ಗಡಿಯಾರವನ್ನೂ ಬಾಸ್ಕೆಟ್‌ಬಾಲಿನಂತೆ ಹಿಮ್ಮುಖವಾಗಿ ಓಡಿಸಿತು. ಇದರಿಂದ ತಾತ್ಸಾರ ಮಾಡುತ್ತಿದ್ದವರು ಒಲಿಯಲಿಲ್ಲ, ಆಟವನ್ನು ಪ್ರೀತಿಸುತ್ತಿದ್ದವರು ನೊಂದುಕೊಂಡರು, 1999ರ ಋತುವಿನ ಬಳಿಕ ಎರಡೂ ಏರ್ಪಾಡುಗಳನ್ನು ಕೈಬಿಡಲಾಯಿತು. ಇನ್ನೊಬ್ಬರ ಮನ್ನಣೆಗಾಗಿ ಇನ್ನೊಬ್ಬರ ವೇಷ ತೊಟ್ಟಾಗ ದೊರೆಯುವ ಮನ್ನಣೆ ಆ ವೇಷಕ್ಕೆ ಸಲ್ಲುತ್ತದೆಯೇ ಹೊರತು ತೊಟ್ಟವನಿಗಲ್ಲ. ಆ ಬಳಿಕ ಅಲ್ಲಿ ಸಾಕರ್ ಬೇರೂರಿದ್ದು ತನ್ನ ರೂಪದಲ್ಲೇ, ನಿಧಾನವಾಗಿ.

ಹಾಗಾದರೆ ಗೌರವದ ನಿಜವಾದ ನೆಲೆ ಯಾವುದು? ಇದನ್ನು ಚಿಂತಿಸಲು ಕನಕದಾಸರ ‘ರಾಮಧಾನ್ಯಚರಿತೆ’ಗಿಂತ ಹತ್ತಿರದ ಆಸರೆ ಕನ್ನಡದಲ್ಲಿ ಸಿಗುವುದು ಕಷ್ಟ. ಭಾಮಿನಿ ಷಟ್ಪದಿಯ ಈ ಕಿರುಕಾವ್ಯದಲ್ಲಿ ವ್ರೀಹಿ, ಅಂದರೆ ಭತ್ತ, ಮತ್ತು ನರೆದಲೆಗ, ಅಂದರೆ ರಾಗಿ, ಇವೆರಡರ ನಡುವೆ ತಾವೇ ಹೆಚ್ಚೆಂಬ ಜಗಳ ಹತ್ತುತ್ತದೆ. ಭತ್ತ ತನ್ನ ಉತ್ತಮಿಕೆಯನ್ನು ಹೇಳಿಕೊಂಡು ರಾಗಿಯನ್ನು ಹೀಗಳೆದರೆ, ರಾಗಿ ತಾನು ಬಡವರನ್ನು ಕಾಯುವ ಧಾನ್ಯವೆಂದು ಎದುರು ನಿಲ್ಲುತ್ತದೆ. ನ್ಯಾಯ ಕೇಳಿಬಂದ ಇಬ್ಬರನ್ನೂ ರಾಮ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದಾಗ ಭತ್ತ ಕಂದಿದೆ, ರಾಗಿ ಗಟ್ಟಿಯಾಗಿ ಉಳಿದಿದೆ; ರಾಮ ರಾಗಿಯನ್ನು ಮೆಚ್ಚಿ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ, ನಾಚಿ ನಿಂತ ಭತ್ತವನ್ನೂ ಸಂತೈಸುತ್ತಾನೆ. ಈ ನ್ಯಾಯದಲ್ಲಿ ಹುಟ್ಟು ಲೆಕ್ಕಕ್ಕೆ ಬರುವುದಿಲ್ಲ, ಯಾರ ಕಡೆ ಹೆಚ್ಚು ಜನವೆಂಬುದೂ ಬರುವುದಿಲ್ಲ; ಕಷ್ಟಕಾಲದಲ್ಲಿ ತನ್ನ ಸತ್ತ್ವವನ್ನು ಉಳಿಸಿಕೊಳ್ಳುವ ಶಕ್ತಿಯೊಂದೇ ಸಾಕ್ಷಿಯಾಗುತ್ತದೆ. ಹಣವೂ ಹೆಸರೂ ದೂರವಾದ ದಶಕಗಳಲ್ಲಿ ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಂಥ ದುಡಿಯುವವರ ಬಡಾವಣೆಗಳು ಫುಟ್‌ಬಾಲನ್ನು ಕಾಪಾಡಿದವು, ಅಲ್ಲಿನ ಜನ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡರು. ಮನ್ನಣೆಯಿಲ್ಲದ ಕಾಲವನ್ನು ಆ ಆಟ ಹೀಗೆ ದಾಟಿದ್ದು ಸೆರೆಯಲ್ಲಿ ಗಟ್ಟಿಯಾಗಿ ಉಳಿದ ರಾಗಿಯ ಸಾಕ್ಷಿಯನ್ನೇ ಹೋಲುತ್ತದೆ.

ಆದರೆ ಕಾವ್ಯದ ಕೊನೆ ಭತ್ತದ ಅವಮಾನವಲ್ಲ ಎಂಬುದು ಇನ್ನೂ ಮುಖ್ಯವಾದ ಸಂಗತಿ. ಒಂದರ ಮಾನಕ್ಕಾಗಿ ಇನ್ನೊಂದರ ಮಾನಹರಣ ಬೇಕಿಲ್ಲವೆಂಬ ಈ ನಿಲುವಿಗೆ ಸವಣೂರಿನಲ್ಲೇ ಒಂದು ಶಾಸ್ತ್ರಾಧಾರ ದೊರೆಯುತ್ತದೆ. ನವಾಬರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರು 1783ರಲ್ಲಿ ವೃಂದಾವನಸ್ಥರಾದರು. ಅವರು ಬೋಧಿಸಿದ ಮಧ್ವಮತದಲ್ಲಿ ತಾರತಮ್ಯವೆಂಬ ಸಿದ್ಧಾಂತವಿದೆ. ಜೀವಜೀವಗಳ ಸ್ವರೂಪ ಬೇರೆ ಬೇರೆ, ಮುಕ್ತಿಯಲ್ಲಿಯೂ ಅವುಗಳ ಆನಂದದ ಅಳತೆ ಬೇರೆ ಬೇರೆ, ಆದರೆ ಕೊಡವೂ ತಂಬಿಗೆಯೂ ತಮ್ಮ ತಮ್ಮ ಅಳತೆಗೆ ತುಂಬಿರುವಂತೆ ಪ್ರತಿಯೊಂದು ಮುಕ್ತಜೀವವೂ ಪೂರ್ಣವಾಗಿರುವುದರಿಂದ ಅಲ್ಲಿ ಅಸೂಯೆಗೆ ಎಡೆಯಿಲ್ಲ ಎಂಬುದು ಅದರ ಸಾರ. ಈ ಸಿದ್ಧಾಂತದ ಮೇಲುಕೆಳಗಿನ ಶ್ರೇಣಿಯನ್ನು ಆಟಗಳಿಗೆ ಹಚ್ಚುವುದು ತರವಲ್ಲವಾದರೂ, ಭೇದವಿದ್ದೂ ಪೂರ್ಣತೆ ಸಾಧ್ಯವೆಂಬ ಅದರ ಒಳನೋಟ ಇಲ್ಲಿ ಬೆಳಕಾಗುತ್ತದೆ. ಫುಟ್‌ಬಾಲ್ ಮಾನ ಪಡೆಯಲು ಅದು ಕ್ರಿಕೆಟ್ಟಿನಷ್ಟು ಓಟಗಳನ್ನು ಎಣಿಸಬೇಕಿಲ್ಲ, ಕುಸ್ತಿ ಮಾನ ಪಡೆಯಲು ಹನ್ನೊಂದು ಜನರನ್ನು ಕೂಡಿಸಬೇಕಿಲ್ಲ. ನಿಕಾಲಿ ಕುಸ್ತಿಯಲ್ಲಿ ಇತ್ಯರ್ಥವೇ ಪೂರ್ಣತೆಯಾದರೆ, ಫುಟ್‌ಬಾಲಿನಲ್ಲಿ ಸಮಬಲದ ಎರಡು ತಂಡಗಳು ಒಂದನ್ನೊಂದು ಮಣಿಸಲಾರದೆ ಮುಗಿಸುವ ಪಂದ್ಯವೂ ಪೂರ್ಣವೇ.

ಪ್ರತಿಯೊಂದನ್ನೂ ಅದರದೇ ಅಳತೆಯಲ್ಲಿ ಕಾಣಬೇಕೆಂದರೆ ನೋಡುಗನಿಗೂ ಒಂದು ಸಿದ್ಧತೆ ಬೇಕು. ವೇದಾಂತದಲ್ಲಿ ವಿದ್ಯೆಗೆ ತಕ್ಕ ಯೋಗ್ಯತೆಯುಳ್ಳವನನ್ನು ಅಧಿಕಾರಿ ಎನ್ನುತ್ತಾರೆ. ಕಾಶ್ಮೀರದ ಅಭಿನವಗುಪ್ತ ಕಾವ್ಯವನ್ನು ಸವಿಯಬಲ್ಲವನನ್ನು ಸಹೃದಯನೆಂದು ಕರೆದ, ಅಂದರೆ ಪಳಗಿ ತಿಳಿಯಾದ ಕನ್ನಡಿಯಂಥ ಮನಸ್ಸಿನವನು. ಆಟಕ್ಕೂ ಸಹೃದಯನೊಬ್ಬ ಬೇಕು. ಫುಟ್‌ಬಾಲಿನ ಆಫ್‌ಸೈಡ್ ನಿಯಮವನ್ನೇ ನೋಡಬಹುದು: ಚೆಂಡನ್ನು ತನ್ನವನೊಬ್ಬ ಒದೆಯುವ ಕ್ಷಣದಲ್ಲಿ, ಎದುರಾಳಿಯ ಅರ್ಧದಲ್ಲಿರುವ ಆಟಗಾರ ಚೆಂಡಿಗಿಂತಲೂ ಎದುರಾಳಿಗಳ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ, ಗೋಲಿಗೆ ಹತ್ತಿರವಾಗಿ ನಿಂತಿದ್ದು ಆಟದಲ್ಲಿ ಭಾಗಿಯಾದರೆ ಅದು ತಪ್ಪು. ಇದನ್ನು ಬಲ್ಲವನ ಕಣ್ಣು ಚೆಂಡಿನ ಬೆನ್ನು ಹತ್ತದೆ, ಚೆಂಡಿಲ್ಲದವರು ಎಲ್ಲಿ ನಿಂತಿದ್ದಾರೆ, ಯಾರು ಯಾರಿಗಾಗಿ ಜಾಗ ತೆರವು ಮಾಡುತ್ತಿದ್ದಾರೆ ಎಂಬುದನ್ನೂ ಹಿಡಿಯುತ್ತದೆ; ಅರಿಯದವನಿಗೆ ಆ ಹೊತ್ತೆಲ್ಲ ಏನೂ ನಡೆಯದ ಹೊತ್ತಾಗಿ ಕಾಣುತ್ತದೆ. ಇಲ್ಲಿ ಏನೂ ಆಗುತ್ತಿಲ್ಲವೆಂಬ ದೂರು ಅನೇಕ ಸಲ ಏನೂ ಕಾಣುತ್ತಿಲ್ಲವೆಂಬ ಒಪ್ಪಿಗೆಯೇ ಆಗಿರುತ್ತದೆ. ಎಲ್ಲರಿಂದಲೂ ಒಂದೊಂದು ನುಡಿ ಕಲಿತು ವಿದ್ಯೆಯ ಪರ್ವತವಾದವನೆಂದು ಹಿರೇಕೆರೂರು ಸೀಮೆ ತನ್ನ ಸರ್ವಜ್ಞನನ್ನು ನೆನೆಯುತ್ತದೆ; ತನಗೆ ಹೊಸದಾದ ಆಟದೆದುರು ಕುಳಿತವನಿಗೆ ಬೇಕಾದದ್ದು ಆ ವಿನಯವೇ.

ಹೀಗೆಂದಾಗ, ಆಟವೆನ್ನಿಸಿಕೊಂಡ ಎಲ್ಲವನ್ನೂ ಪ್ರಶ್ನಿಸದೆ ಗೌರವಿಸಬೇಕೇ ಎಂಬ ಆಕ್ಷೇಪ ಏಳುವುದು ಸಹಜ. ಹೋರಿ ಹಬ್ಬದಲ್ಲಿ ಜನ ಗಾಯಗೊಂಡದ್ದೂ ಪ್ರಾಣ ಕಳೆದುಕೊಂಡದ್ದೂ ಉಂಟು; 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ತಡೆದದ್ದೂ, 2023ರಲ್ಲಿ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿ ಕಾಯ್ದೆಗಳನ್ನು ಎತ್ತಿಹಿಡಿದದ್ದೂ ಮೂಕಪ್ರಾಣಿಯ ನೋವನ್ನು ಆಟದ ತಕ್ಕಡಿಯಲ್ಲಿಟ್ಟು ತೂಗಿದ ಪ್ರಸಂಗಗಳೇ. ಆಟದಲ್ಲಿ ಪಾಲುಗೊಳ್ಳುವ ಜೀವಕ್ಕೆ ಅನಗತ್ಯ ಹಿಂಸೆಯಾಗುವಲ್ಲಿ ತಿದ್ದುವುದು ಧರ್ಮ. ಆದರೆ ತಿದ್ದುವುದಕ್ಕೂ ತಾತ್ಸಾರಕ್ಕೂ ಅಂತರವಿದೆ: ತಿದ್ದುವವನು ಹತ್ತಿರ ಬಂದು, ತನ್ನ ಹೋರಿಯನ್ನು ಮಗನಂತೆ ಸಾಕಿದ ರೈತನ ಮನಸ್ಸನ್ನು ಅರಿತು, ದೋಷ ಎಲ್ಲಿದೆಯೆಂದು ತೋರಿಸುತ್ತಾನೆ, ತಾತ್ಸಾರ ಮಾಡುವವನು ದೂರದಿಂದಲೇ ಮುಖ ತಿರುಗಿಸುತ್ತಾನೆ. ಮೊದಲನೆಯದು ಗೌರವದ ಒಂದು ಕಠಿಣ ರೂಪ, ಎರಡನೆಯದು ಕುಲದ ನೋಟದ ಮುಂದುವರಿಕೆ.

ಹಾನಗಲ್ಲಿನ ಕೆರೆಯ ಕೆಳಗೆ ಭತ್ತ, ಸವಣೂರಿನ ಎರೆಹೊಲದಲ್ಲಿ ಜೋಳ ಬೆಳೆಯುವ ಈ ನಾಡಿನಲ್ಲಿ ಯಾವ ಧಾನ್ಯ ಹೆಚ್ಚೆಂದು ಒಕ್ಕಲಿಗರು ಜಗಳಾಡುವುದಿಲ್ಲ. ಆಯಾ ಮಣ್ಣಿಗೆ ಆಯಾ ಬೆಳೆಯೆಂದು ಅವರು ಬಲ್ಲರು. ಆಟಗಳ ವಿಷಯದಲ್ಲಿ ಆ ತಿಳಿವು ಬರಬೇಕಾದರೆ ರಾಮಧಾನ್ಯದ ಕತೆಯಲ್ಲಿ ಸುಲಭವಾಗಿ ಕಣ್ಣುತಪ್ಪುವ ಒಂದು ಸಂಗತಿಯನ್ನು ನೆನೆಯಬೇಕು. ಸೆರೆಯಲ್ಲಿದ್ದದ್ದು ಧಾನ್ಯಗಳೆರಡೇ ಆದರೂ ಆ ಆರು ತಿಂಗಳನ್ನು ಅವುಗಳೊಡನೆ ತೀರ್ಪುಗಾರನೂ ಕಾದು ಕಳೆದ. ಸರ್ವಜ್ಞನಾದ ದೇವರೆಂದು ಭಕ್ತರು ನಂಬುವ ರಾಮನೇ, ಎರಡನ್ನೂ ಪರೀಕ್ಷಿಸಿ ನೋಡದೆ ಹೆಚ್ಚು ಕಡಿಮೆಯ ಮಾತನ್ನು ಆಡಲಿಲ್ಲ. ಎಲ್ಲ ಬಲ್ಲವನೇ ಅಷ್ಟು ತಾಳಿದ ಮೇಲೆ, ಅಲ್ಪವನ್ನು ಬಲ್ಲ ಮನುಷ್ಯ ತನಗೆ ಪರಿಚಯವಿಲ್ಲದ ಒಂದು ಆಟದ ಮೈದಾನದ ಅಂಚಿನಲ್ಲಿ, ತುಟಿ ಬಿಗಿಹಿಡಿದು, ತೊಂಬತ್ತು ನಿಮಿಷ ಕುಳಿತು ನೋಡುವುದು ಆ ಆಟಕ್ಕೆ ಅವನು ಸಲ್ಲಿಸಬೇಕಾದ ಮೊದಲ ನ್ಯಾಯ. ಗೌರವ ಕೊಡಬೇಕೋ ಬೇಡವೋ ಎಂಬ ಮಾತು ಆ ಬಳಿಕ ಬರಲಿ.